ಒಳಕೋಣೆಯ ಸೊಸೆ

ಹಾರಂಗಿ ನಾಲೆಯ ಪಕ್ಕದ ಆ ಮನೆಯಲ್ಲಿ ಅಂದು ಬೆಳಿಗ್ಗೆಯಿಂದಲೇ ಗಡಿಬಿಡಿ. ಮಗಳು ಅನುಶ್ರೀಯನ್ನು ನೋಡಲು ಸೋಮವಾರಪೇಟೆ ಕಡೆಯವರು ಬರುವವರಿದ್ದರು. ವನಜಮ್ಮ ಅಂಗಳ ಸಾರಿಸಿ ಬಂದು ಕೇಸರಿಬಾತಿಗೆ ರವೆ ಹುರಿಯುತ್ತಿದ್ದರು. ಸೊಸೆ ಸೌಮ್ಯ ಮಾತ್ರ ಬೆರಳು ಮಡಚಲಾಗದೆ ಹಾಸಿಗೆಯ ಮೇಲೆ ಕುಳಿತಿದ್ದಳು. ಸಂಧಿವಾತ. ಬೆಳಿಗ್ಗೆ ಎದ್ದರೆ ಕೈಗಳು ಮರದ ಕೊರಡು, ಹೊತ್ತೇರಿದಂತೆ ಸಡಿಲವಾಗುತ್ತಿದ್ದವು. ಹಾಗೆ ಸಡಿಲವಾಗುವುದೇ ಅವಳಿಗೆ ಮುಳುವಾಗಿತ್ತು.

"ಬೆಳಿಗ್ಗೆ ಏಳಕ್ಕಾಗಲ್ಲ, ಸಂಜೆಗೆ ಓಡಾಡ್ತಾಳೆ. ಕೆಲ್ಸದ ಹೊತ್ತಿಗೇ ಬರೋ ಕಾಯಿಲೆ." ಈ ಮಾತನ್ನು ವನಜಮ್ಮ ನೆರೆಮನೆಗಳಿಗೂ ಹಂಚಿದ್ದರು. ಅದನ್ನು ಕೇಳಿ ಕೇಳಿ, ನೋವು ತಿಂದು ತಿಂದು ಸೌಮ್ಯಳ ಮನಸ್ಸೂ ಕುಸಿದಿತ್ತು. ಊಟ, ನಿದ್ದೆ, ಮಾತು ಯಾವುದೂ ಬೇಡವಾದಾಗ ಡಾಕ್ಟರು ಅದಕ್ಕೂ ಮಾತ್ರೆ ಬರೆದಿದ್ದರು.

ಅವಳು ಗೋಡೆಯ ಗೂಡಿಗೆ ಕೈಹಾಕಿದಳು. ಮಾತ್ರೆಯ ಡಬ್ಬಿ ಇರಲಿಲ್ಲ. ಅಡುಗೆಮನೆಗೆ ಬಂದಳು.

"ಅತ್ತೆ, ನನ್ನ ಮಾತ್ರೆ?"

ವನಜಮ್ಮ ಬಾಣಲೆಯಿಂದ ಕಣ್ಣೆತ್ತಲಿಲ್ಲ. "ಬಚ್ಚಲೊಲೆಗೆ ಹಾಕ್ದೆ. ಬಂದೋರು ತಲೆ ಕೆಟ್ಟೋರ ಮಾತ್ರೆ ನೋಡಿದ್ರೆ ನನ್ನ ಮಗಳ್ನ ಯಾರು ಮಾಡ್ಕೋತಾರೆ? ಇಷ್ಟು ದಿನ ನುಂಗಿ ವಾಸಿಯಾಯ್ತಾ? ಇವತ್ತು ಒಳಗೇ ಇರು. ಕೇಳಿದ್ರೆ ತೌರಿಗೆ ಹೋಗವ್ಳೆ ಅಂತೀನಿ."

ಸೌಮ್ಯಳ ಮೈಯೆಲ್ಲ ಉರಿಯಿತು. ಬಾಗಿಲಲ್ಲಿ ನಿಂತಿದ್ದ ಗಂಡ ಧರ್ಮೇಶನತ್ತ ನೋಡಿದಳು.

"ಒಂದಿನ ಸುಮ್ನಿರೆ," ಎಂದ ಅವನು ತಲೆ ತಗ್ಗಿಸಿ. "ಅವ್ವಂಗೂ ಹೆದ್ರಿಕೆ."

ಅವಳು ಕಪಾಟಿನಲ್ಲಿದ್ದ ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ಒಲೆಯ ಮುಂದೆ ಬಂದು ನಿಂತಳು.

"ಇವೂ ವಾಸಿ ಮಾಡಿಲ್ವಲ್ಲ ಅತ್ತೆ. ಹಾಕ್ಬಿಡ್ಲಾ?"

"ಕೊಡೆ ಇಲ್ಲಿ. ಅದಿಲ್ದೆ ನಾನು ಹೆಂಗೆ ಬದುಕ್ಲಿ?"

"ನಾನೂ ಅದನ್ನೇ ಕೇಳ್ತಿರೋದು." ಸೌಮ್ಯ ಮಾತ್ರೆಗಳನ್ನು ಇನ್ನೂ ಒತ್ತಿ ಹಿಡಿದಿದ್ದಳು. "ಹೋದ ಮಳೆಗಾಲದಲ್ಲಿ ನಾಲೆ ದಂಡೆಗೆ ಹೋಗಿ ನಿಂತಿದ್ದೆ. ಬಟ್ಟೆ ಒಗೆಯಕ್ಕಲ್ಲ. ಆ ಮಾತ್ರೆ ಶುರುವಾದ ಮೇಲೆ ಹಂಗೆ ಹೋಗಿಲ್ಲ. ಈ ಮನೇಲಿ ಯಾರಿಗಾದ್ರೂ ಗೊತ್ತಿತ್ತಾ? ನಾನು ಮೈಗಳ್ಳಿ ಅನ್ನೋದು ಮಾತ್ರ ಎಲ್ರಿಗೂ ಗೊತ್ತು."

ರವೆ ಸೀದ ವಾಸನೆ ಹರಡಿತು. ಯಾರೂ ಬಾಣಲೆ ಇಳಿಸಲಿಲ್ಲ. ಸೌಮ್ಯ ಮಾತ್ರೆಗಳನ್ನು ಅತ್ತೆಯ ಕೈಗಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತುಸು ಹೊತ್ತಿಗೆ ಧರ್ಮೇಶನ ಬೈಕು ಕುಶಾಲನಗರದ ದಾರಿ ಹಿಡಿದ ಸದ್ದು ಕೇಳಿತು.

ಮಧ್ಯಾಹ್ನ ನೆಂಟರು ಬಂದರು. ಕಾಫಿ ಕುಡಿಯುತ್ತ ಹುಡುಗನ ತಾಯಿ ಕೇಳಿದರು, "ಸೊಸೆ ಕಾಣಲಿಲ್ವಲ್ಲ?"

ಒಳಗೆ ಸೌಮ್ಯ ಹಲ್ಲು ಕಚ್ಚಿ ಸುಳ್ಳಿಗಾಗಿ ಕಾದಳು.

"ಒಳಗವ್ಳೆ." ವನಜಮ್ಮನ ಮಾತು ತಡವರಿಸಿತು. "ಕೀಲಿನ ಕಾಯಿಲೆ. ಅದ್ರಿಂದ ಮನಸ್ಸಿಗೂ ಹುಷಾರಿಲ್ಲ. ಎರಡಕ್ಕೂ ಮಾತ್ರೆ ತಗೋತಾಳೆ. ಬೆಳಿಗ್ಗೆ ನಾನೇ ಅವನ್ನ ಒಲೆಗೆ ಹಾಕ್ಬಿಟ್ಟೆ. ಮಗ ಬೇರೆ ತರಕ್ಕೆ ಹೋಗವ್ನೆ."

ಪಡಸಾಲೆಯಲ್ಲಿ ಲೋಟ ಕೆಳಗಿಟ್ಟ ಸದ್ದು.

"ಮನಸ್ಸಿಗೆ ಅಂದ್ರೆ?"

"ನಂಗೆ ಸರಿಯಾಗಿ ಗೊತ್ತಿಲ್ಲ ಕಣವ್ವ. ಇಷ್ಟು ದಿನ ಕೇಳ್ಲಿಲ್ಲ. ಅವಳೇ ಹೇಳ್ಲಿ."

ವನಜಮ್ಮ ಬಾಗಿಲು ತಳ್ಳಿದರು. "ಕೈಲಾದ್ರೆ ಬಾರವ್ವ."

ಸೌಮ್ಯಳ ಸಿಟ್ಟು ಇಳಿದಿರಲಿಲ್ಲ. ಇಳಿಯಲು ಬಹಳ ದಿನ ಬೇಕೆಂದು ಅವಳಿಗೇ ಗೊತ್ತಿತ್ತು. ಆದರೂ ಗೋಡೆ ಹಿಡಿದು ಹೊರಬಂದಳು. ಅನುಶ್ರೀ ಎದ್ದು ತನ್ನ ಕುರ್ಚಿಯನ್ನು ಅತ್ತಿಗೆಗೆ ಬಿಟ್ಟುಕೊಟ್ಟಳು. ಸೌಮ್ಯ ಊದಿದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಎಲ್ಲರಿಗೂ ಕಾಣುವಂತೆ ಮಡಿಲಲ್ಲಿಟ್ಟುಕೊಂಡು ಕುಳಿತಳು.

"ಕೇಳಿ," ಎಂದಳು.