ಬನ್ನಿಮರದ ತಿರುವಿನಲ್ಲಿ ನರಳುವ ಹೆಲ್ಮೆಟ್

ಮುದ್ದೇಬಿಹಾಳದಿಂದ ತಂಗಡಗಿಗೆ ಬರುವ ದಾರಿಯಲ್ಲಿ, ಹೊಳೆಯ ಗಾಳಿ ತಡೆಯಿಲ್ಲದೆ ಬೀಸುವ ಕಡೆ, ಒಂದು ಬನ್ನಿಮರದ ತಿರುವು. ಮುಸ್ಸಂಜೆ ಅಲ್ಲಿಗೆ ಬಂದರೆ ಸಾಕು, ಸಿದ್ದಲಿಂಗನ ಹೆಲ್ಮೆಟ್ಟಿನೊಳಗೆ ಯಾರೋ ನರಳುತ್ತಿದ್ದರು. ಮೊದಲು ಸಣ್ಣ ಉಸಿರು. ಆಮೇಲೆ ಎದೆ ಕಟ್ಟಿದವರ ಹಾಗೆ ಉದ್ದನೆಯ ಹೂಂಕಾರ.

ಅವನ ತಂದೆ ಮಡಿವಾಳಪ್ಪ ದಮ್ಮು ಹತ್ತಿ ಜೀವ ಬಿಟ್ಟದ್ದು, ದವಾಖಾನೆಗೆ ಒಯ್ಯುವಾಗ, ಇದೇ ತಿರುವಿನಲ್ಲಿ.

"ಅಪ್ಪನ ಉಸರ ಅದು, ಯವ್ವ," ಎಂದ ಸಿದ್ದಲಿಂಗ.

ಚನ್ನವ್ವ ಗಂಡನ ರುಮಾಲಿಗೆ ವಿಭೂತಿ ಹಚ್ಚಿ ಮಗನಿಗೆ ಕೊಟ್ಟಳು. "ಇದನ್ನ ಸುತ್ತಕೊಂಡು ಹೆಲ್ಮೆಟ್ ಹಾಕ್ಕೋ. ನಿನ್ನ ಕಾಯ್ತಾರ."

ಸಿದ್ದಲಿಂಗನಿಗೆ ಎಡಗಿವಿ ಹುಟ್ಟಿನಿಂದ ಮಂದ. ಅದಕ್ಕೇ ಅವನೂ ಹೆಂಡತಿ ಐಶ್ವರ್ಯಳೂ ತಮ್ಮ ಹೆಲ್ಮೆಟ್ಟುಗಳಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವ ಹೆಡ್‌ಸೆಟ್ ಕೂಡಿಸಿದ್ದರು. ಬೈಕಿನಲ್ಲಿ ಹಿಂದೆ ಕೂತ ಐಶ್ವರ್ಯಳೇ ಅವನ ಕಿವಿ. ರುಮಾಲು ಸುತ್ತಿದ ಮೇಲೆ ಅವಳ ದನಿ ಬಾವಿಯೊಳಗಿಂದ ಬಂದಂತಾಯಿತು. ಅವನು ಸೌಂಡ್ ಏರಿಸಿದ. ನರಳಿಕೆಯೂ ಏರಿತು.

ಒಂದು ಸಂಜೆ ಆ ತಿರುವಿನಲ್ಲಿ ದೀಪವಿಲ್ಲದ ಕಬ್ಬಿನ ಟ್ರೇಲರ್ ನಿಂತಿತ್ತು. ಎದುರು ಲಾರಿಯ ಬೆಳಕು ಸಿದ್ದಲಿಂಗನ ಕಣ್ಣಿಗೆ ಬಡಿದಿತ್ತು. ಐಶ್ವರ್ಯ ಕೂಗಿದಳು. ಅವನಿಗೆ ಕೇಳಿದ್ದು ನರಳಿಕೆ ಮಾತ್ರ. ಕಬ್ಬಿನ ಗರಿ ಭುಜ ಸವರಿಕೊಂಡು ಹೋದಾಗಲೇ ಅವನಿಗೆ ಗೊತ್ತಾದದ್ದು.

ಮರುದಿನ ಸುದ್ದಿ ಕೇಳಿ ಮಗ್ಗಲ ಮನೆಯ ಗೆಳೆಯ ಶಮಶುದ್ದೀನ ಬಂದ. ಅವನೂ ಹೆಂಡತಿ ಜನ್ನತಬಿಯೂ ಇಂಥದೇ ಹೆಡ್‌ಸೆಟ್ ಬಳಸುವವರು.

"ಹೆಲ್ಮೆಟ್ ಹಾಕ್ಕೋಳೋ. ಮಡಿವಾಳಪ್ಪ ಕಾಕಾ ಈ ಅಂಗಳಕ್ಕೂ ಬರ್ತಾರೇನ ನೋಡೂಣು."

ಐಶ್ವರ್ಯಳಿಗೂ ಹೆಲ್ಮೆಟ್ ಹಾಕಿಸಿ, ಅವಳ ಬಾಯಿಯ ಮುಂದಿನ ಮೈಕಿಗೆ ಮೊರದಿಂದ ಜೋರಾಗಿ ಗಾಳಿ ಬೀಸಿದ. ಹಾಡಹಗಲು, ಬಿಸಿಲು ಕಾದ ಅಂಗಳದಲ್ಲಿ, ಸಿದ್ದಲಿಂಗನ ಕಿವಿಯೊಳಗೆ ಮಡಿವಾಳಪ್ಪ ನರಳಿದ.

"ಗಾಳಿ ಅದು," ಎಂದ ಶಮಶುದ್ದೀನ. "ಮೈಕಿಗೆ ಕರೀ ಸ್ಪಂಜಿನ ಟೊಪಗಿ ಇರ್ತೈತಿ. ಎಲ್ಲಿ ಹೋತು?"

ಚನ್ನವ್ವ ಸೆರಗು ಹಿಡಿದುಕೊಂಡಳು. "ನಾನ ಕಿತ್ತ ಒಗದೇನಪಾ. ಮುತ್ತೈದಿ ಬಾಯಿ ಮುಂದ ಕರೀದು ಯಾಕ ಅಂತ."

"ಗಾಳಿ ತಡಿಯೂದ ಅದು, ಯವ್ವ. ಮೈಕ್ ತುಟಿಗೆ ಹತ್ರ ಇರಬೇಕು, ಅದರ ಮ್ಯಾಲ ಗುರುತ ಇರೂ ಮಗ್ಗಲ ಬಾಯಿ ಕಡೆ. ಸ್ಪೀಕರ್ ನೆಟ್ಟಗ ಕಿವಿ ತೂತಿನ ಮುಂದ. ನಡುವ ರುಮಾಲ ಬಂದ್ರ ಮಾತು ಗೋಡಿ ಆಚೆ ನಿಂತಂಗ. ಹೆಲ್ಮೆಟ್ಟೂ ತಲಿಗೆ ಸರಿಯಾಗಿ ಕೂಡಂಗಿಲ್ಲ."

ಸಿದ್ದಲಿಂಗ ರುಮಾಲು ಬಿಡಲಿಲ್ಲ. "ಸರಿ ಮಾಡಿದ್ರ ಅಪ್ಪ ಮತ್ತ ಮಾತಾಡೂದಿಲ್ಲಲ್ಲೋ."

ಐಶ್ವರ್ಯ ಮೆಲ್ಲಗೆ ಅಂದಳು, "ನಿನ್ನಿ ಜೀವಂತ ಇದ್ದಾಕಿ ನಾ ಒದರಿದೇನ್ರಿ. ನಿಮಗ ಕೇಳಲಿಲ್ಲ."

ಅವನು ರುಮಾಲನ್ನು ಮಡಚಿ ದೇವರ ಜಗಲಿಯ ಮೇಲಿಟ್ಟ.

ಹೊಸ ಸ್ಪಂಜು ಹಾಕಿದ ದಿನ, ಮುಸ್ಸಂಜೆ, ಬನ್ನಿಮರ ಬಂತು. ಕೊಂಬೆಗಳು ಹೊಯ್ದಾಡುತ್ತಿದ್ದವು. ಹೆಲ್ಮೆಟ್ಟಿನೊಳಗೆ ಏನೂ ಇಲ್ಲ. ಆ ಮೌನಕ್ಕೆ ಅವನ ಬೆನ್ನು ತಣ್ಣಗಾಯಿತು. ಅಷ್ಟರಲ್ಲಿ, ಕಿವಿಗೆ ಬಾಯಿಟ್ಟು ಹೇಳಿದ ಹಾಗೆ, ಐಶ್ವರ್ಯಳ ದನಿ. "ಹಿಂದ ಲಾರಿ ಬರಾಕತ್ತೈತ್ರಿ. ಎಡಕ್ಕ ಸರೀರಿ." ಅವನು ಸರಿದ. ಲಾರಿ ಭರ್ರನೆ ದಾಟಿಹೋಯಿತು.

ಮನೆಯ ಬಾಗಿಲಲ್ಲಿ ಚನ್ನವ್ವ ಕಾಯುತ್ತಿದ್ದಳು. "ಇವತ್ತ ಏನಂದ್ರು?"

"ಏನೂ ಅನ್ನಲಿಲ್ಲಬೇ."

ಮುದುಕಿ ಜಗಲಿಯ ಕಡೆ ನೋಡಿ ಕೈ ಮುಗಿದಳು. "ಅಂದ್ರ ಆರಾಮ ಮಲಗ್ಯಾರ ಬಿಡು."

ಅಕ್ಕಗಳಿರಾ, ಅಣ್ಣಗಳಿರಾ, ನಿಮ್ಮ ಹೆಲ್ಮೆಟ್ಟಿನೊಳಗೂ ಯಾರಾದರೂ ನರಳುತ್ತಿದ್ದರೆ ಹೆದರಬೇಡಿ, ಸೌಂಡ್ ಏರಿಸಿಕೊಂಡು ಓಡಿಸಲೂ ಬೇಡಿ. ಗಾಡಿ ಬದಿಗೆ ನಿಲ್ಲಿಸಿ. ಸ್ಪಂಜು ಇದೆಯೇ, ಮೈಕು ತುಟಿಗೆ ಹತ್ತಿರವಿದೆಯೇ, ಸ್ಪೀಕರ್ ಕಿವಿಗೆ ನೇರವಿದೆಯೇ ನೋಡಿ. ಹೊರಡುವ ಮುನ್ನ ಮನೆಯ ಮುಂದೆಯೇ ಒಬ್ಬರಿಗೊಬ್ಬರು ಮಾತಾಡಿ ನೋಡಿ. ತೀರಿಹೋದವರನ್ನು ಜಗಲಿಯ ಮೇಲಿಟ್ಟು ನೆನೆಯೋಣ. ದಾರಿಯಲ್ಲಿ ಮಾತ್ರ, ಬೆನ್ನ ಹಿಂದೆ ಕೂತವರ ದನಿ ನಿಮಗೆ ಮುಟ್ಟಲಿ.