ರೇಡಿಯೋ ಅಕ್ಕ ಬಾಯಿ ಬಿಡಲಿಲ್ಲ

ಹೊಲಿಗೆ ಕಾರ್ಖಾನೆಯ ಹೆಂಗಸರೆಲ್ಲ ಅವಳನ್ನು ರೇಡಿಯೋ ಅಕ್ಕ ಎನ್ನುತ್ತಿದ್ದರು. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುತ್ತಿರಲಿಲ್ಲ. ಅತ್ತೆಯ ಮಂಡಿನೋವು, ಗಂಡನ ಗೊರಕೆ, ಎಲ್ಲವೂ ಇಡೀ ಹಾಲ್‌ಗೆ ಗೊತ್ತು. ಮೆಷಿನ್‌ಗಳ ಗದ್ದಲದಲ್ಲಿ ದನಿ ಕೇಳುವುದುಂಟೇ? ತುಟಿ ಆಡಿಸಿದರೆ ಸಾಕು, ಆಚೆ ಗೋಡೆಯ ಪಕ್ಕದವಳೂ ಓದಿಕೊಂಡು ನಗುತ್ತಿದ್ದಳು.

ಅಕ್ಕನ ಪಕ್ಕದಲ್ಲಿ ಕಾಲರ್ ಹೊಲಿಯುವವಳು, ಗಡಿಯಾಚೆಯ ಯುದ್ಧದಿಂದ ಮಗುವನ್ನೆತ್ತಿಕೊಂಡು ಓಡಿಬಂದವಳು. ಇಲ್ಲಿರಲು ಅನುಮತಿ ಕೇಳಿದ್ದಳು, ಉತ್ತರ ಬಂದಿರಲಿಲ್ಲ. ಅಷ್ಟರಲ್ಲಿ, ಹೊರಗಿನವರನ್ನು ಓಡಿಸುತ್ತೇವೆ ಎಂದು ಹೇಳಿಯೇ ಗೆದ್ದವರ ಸರ್ಕಾರ ಬಂತು. ಅಧಿಕಾರಿಗಳು ಕಾರ್ಖಾನೆಗಳಿಗೆ ಬಂದು ಕೆಲಸದವರನ್ನು ಮಾತಾಡಿಸುತ್ತಿದ್ದರು. ಎಲ್ಲರ ಕಾಗದ ನೋಡಲು ಪುರುಸೊತ್ತೆಲ್ಲಿ? ಮಾತಿನ ಧಾಟಿ ಬೇರೆ ಅನಿಸಿದವರನ್ನಷ್ಟೇ ಕಾಗದ ಕೇಳುವುದು, ಕಾಗದ ಇಲ್ಲದಿದ್ದರೆ ವ್ಯಾನು ಹತ್ತಿಸುವುದು.

ಕಿಟಕಿಯಲ್ಲಿ ವ್ಯಾನು ಮೊದಲು ಕಂಡದ್ದು ರೇಡಿಯೋ ಅಕ್ಕನಿಗೆ. ಪಕ್ಕದವಳ ಮುಖ ಬಿಳಿಚಿಕೊಂಡಿತ್ತು. ಅಕ್ಕ ಎದ್ದು ನಿಂತು, ಎಲ್ಲರಿಗೂ ಕಾಣುವಂತೆ ತುಟಿ ಆಡಿಸಿದಳು: ಯಾರೂ ಬಾಯಿ ಬಿಡಬೇಡಿ, ಒಬ್ಬರೂ.

ಮೇಸ್ತ್ರಿ ಮೆಷಿನ್‌ಗಳನ್ನು ನಿಲ್ಲಿಸಿದ. ಅಧಿಕಾರಿ ಮೊದಲು ಎದ್ದು ನಿಂತಿದ್ದ ಅಕ್ಕನನ್ನೇ ಕೇಳಿದ.

"ಯಾವ ಊರಮ್ಮಾ ನಿಂದು?"

ಮಾತು ಬಿಕ್ಕಳಿಕೆಯಂತೆ ಗಂಟಲಿಗೆ ಬಂತು. ಅಕ್ಕ ನುಂಗಿಕೊಂಡಳು.

"ಕಿವಿ ಕೇಳಲ್ವಾ?"

"ಸಾರ್, ಇವಳ ಬಾಯಿ ಮುಚ್ಸೋಕೆ ಇಷ್ಟು ವರ್ಷ ನನ್ ಕೈಲಿ ಆಗಿರ್ಲಿಲ್ಲ," ಎಂದ ಮೇಸ್ತ್ರಿ. "ನೀವು ಬಂದ ಕೂಡ್ಲೇ ಮುಚ್ಕೊಂಡ್ಳು ನೋಡಿ."

ಎರಡನೆಯವಳೂ ಸುಮ್ಮನಿದ್ದಳು. ಮೂರನೆಯವಳು ನೆಲ ನೋಡಿದಳು. ಗಡಿಯಾಚೆಯವಳ ಮುಂದೆ ನಿಂತಾಗಲೂ ಅಧಿಕಾರಿಗೆ ಸಿಕ್ಕಿದ್ದು ಅದೇ ಮೌನ.

"ಎಲ್ರನ್ನೂ ಎತ್ತಾಕ್ಕೊಂಡು ಹೋಗ್ತೀನಿ."

"ಹೋಗಿ ಸಾರ್," ಎಂದ ಮೇಸ್ತ್ರಿ. "ಸಂಜೆಯೊಳಗೆ ಲಾರಿ ತುಂಬ್ಬೇಕು, ಶರ್ಟ್ ನೀವೇ ಹೊಲ್ಕೊಡಿ."

ಅಧಿಕಾರಿ ಸುತ್ತ ನೋಡಿದ. "ಇದಕ್ಕೆಲ್ಲ ಇವಳೇ ಮೂಲ," ಎಂದು ರೇಡಿಯೋ ಅಕ್ಕನನ್ನು ಮಾತ್ರ ಕರೆದೊಯ್ದ. ವ್ಯಾನು ಹತ್ತುವಾಗ ಅವಳು ಯಾರ ಕೈಯನ್ನೂ ಹಿಡಿಯಲಿಲ್ಲ.

ಕಾರ್ಖಾನೆ ಮರೆಯಾದ ಮೇಲೆ ಅವಳು ಬಾಯಿ ಬಿಟ್ಟಳು. ಊರು, ಬೀದಿ, ತವರುಮನೆ, ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದಳು.

"ಇಲ್ಲಿಯವಳೇ ಅಲ್ವಾ," ಅಧಿಕಾರಿಗೆ ರೇಗಿತು. "ಮತ್ತೆ ನಿಂಗ್ಯಾಕೆ ಈ ಉಸಾಬರಿ? ಯಾರನ್ನ ಉಳ್ಸೋಕೆ?"

ತನಗಾದರೆ ಬೈಗುಳ, ಹೆಚ್ಚೆಂದರೆ ಒಂದು ದಿನದ ಕೂಲಿ. ಪಕ್ಕದವಳಿಗಾದರೆ ಮತ್ತೆ ಅದೇ ಯುದ್ಧ, ಕಂಕುಳಲ್ಲಿ ಮಗು. ಸಂಜೆ ಗಂಡ ಅವರ ಕಚೇರಿಗೆ ಕಾಗದ ತಂದು ಬಿಡಿಸಿಕೊಳ್ಳುವವರೆಗೂ ಆ ಒಂದು ಪ್ರಶ್ನೆಯನ್ನು ಅವರು ಕೇಳುತ್ತಲೇ ಇದ್ದರು. ರೇಡಿಯೋ ಅಕ್ಕ ಗೋಡೆ ನೋಡುತ್ತ ಕೂತಿದ್ದಳು.