ಸ್ವಲ್ಪ ತಡಿ

"ಮಾಮ, ಇದನ್ನ ಸ್ವಲ್ಪ ಹಿಡ್ಕೊಳ್ಳಿ. ಯಾರಾದ್ರೂ ಮಾತಾಡಿದ್ರೆ ನನ್ನ ಕೂಗಿ" ಎಂದು ತೀರಿಕೊಂಡವನ ಮಗಳು ತನ್ನ ಫೋನನ್ನು, ಮೀಸೆ ಎಂದೇ ಹೆಸರಾದ ಅಪ್ಪನ ಗೆಳೆಯನ ಕೈಗೆ ತುರುಕಿ ಬಾಗಿಲಿನತ್ತ ಓಡಿದಳು. ಹೂವಿನವನು ಬಂದು ನಿಂತಿದ್ದ.

ಮೀಸೆ ಫೋನನ್ನು ಕಿವಿಗೆ ಹಿಡಿದ. "ದಯವಿಟ್ಟು ಕಾಯಿರಿ" ಎಂದಿತು ಒಂದು ಹೆಣ್ಣುದನಿ. ಅದರ ಬೆನ್ನಿಗೇ ಗಿಟಾರು ಶುರುವಾಯಿತು. ಕೂತಿದ್ದ ಮೀಸೆ ಎದ್ದು ನಿಂತ. ಆ ರಾಗ ಗೆಳೆಯ ತಂತಿಯದು. ಪಕ್ಕದ ಕೋಣೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದ ತಂತಿಯದೇ. ಹೆಣ ಸಾಗಿಸುವ ವ್ಯಾನಿನ ಕಚೇರಿಯವರು, ಊರಿನ ಮುಕ್ಕಾಲು ಕಚೇರಿಗಳವರ ಹಾಗೆ, ಕಾಯುವವರ ಕಿವಿಗೆ ಅದನ್ನೇ ಹಾಕಿಟ್ಟಿದ್ದರು.

ಮೆಟ್ಟಿಲು ಹತ್ತಿದಂತೆ ಹತ್ತಿ, ಇನ್ನೇನು ಬಾಗಿಲು ತೆರೆಯಿತು ಅನ್ನುವಷ್ಟರಲ್ಲಿ ಮತ್ತೆ ಕೆಳಗಿಳಿದುಬಿಡುವ ರಾಗ ಅದು. ಕರೆಂಟು ಹೋದವರು, ಗ್ಯಾಸು ಬಾರದವರು, ಟಿಕೆಟ್ಟು ಕಳೆದುಕೊಂಡವರು, ಎಲ್ಲರೂ ಅದನ್ನು ಕೇಳಿ ಹಲ್ಲು ಕಡಿದವರೇ. ಮಾಡಿದವನು ಯಾರೆಂದು ಒಬ್ಬರಿಗೂ ಗೊತ್ತಿರಲಿಲ್ಲ. ತಂತಿಗೆ ಮಾತ್ರ ಅದರ ಬಗ್ಗೆ ಎಲ್ಲಿಲ್ಲದ ಹೆಮ್ಮೆ. "ನನ್ನ ಸಂಗೀತಾನ ಜನ ಎದ್ದುಹೋಗದೆ ಕೇಳೋದು ಇದೊಂದನ್ನೇ ಕಣೋ" ಎನ್ನುತ್ತಿದ್ದ.

ಮೀಸೆ ಫೋನು ಹಿಡಿದು ಬಾಲ್ಕನಿಗೆ ಹೋದ, ಬಂದ. ಅಡುಗೆಮನೆಯ ತನಕ ಹೋದ, ಬಂದ. ಬೆಳಗಿನಿಂದ ಅವನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹೊದಿಕೆಯಡಿ ಮಲಗಿದವನ ಮುಖವನ್ನು ಒಂದು ಸಲ ನೋಡಿ ಹೊರಗೆ ಬಂದವನು ಮತ್ತೆ ಆ ಕೋಣೆಯ ಹೊಸ್ತಿಲು ತುಳಿದಿರಲಿಲ್ಲ.

ಮಗಳು ಹೂವಿನ ಬುಟ್ಟಿ ಹೊತ್ತು ವಾಪಸ್ಸು ಬಂದಳು. "ಮಾಮ, ಚಿತಾಗಾರದ ಹಾಲಲ್ಲಿ ನೀವೇ ಮಾತಾಡ್ಬೇಕು."

"ನಾನಾ?"

"ಮತ್ತಿನ್ಯಾರು? ಅಪ್ಪನ ಬಗ್ಗೆ ನಾಲ್ಕು ಮಾತು. ಅಳೋ ಭಾಷಣ ಬೇಡ, ಅಪ್ಪನಿಗೆ ಆಗ್ತಿರ್ಲಿಲ್ಲ. ಸ್ವಲ್ಪ ನಗಿಸಿ."

ಅಷ್ಟರಲ್ಲಿ ಫೋನಿನಲ್ಲಿ ಯಾರೋ "ಹೇಳಿ" ಎಂದರು. ಮಗಳು ಅದನ್ನು ಕಿತ್ತುಕೊಂಡು ವಿಳಾಸ ಹೇಳುತ್ತ ಹೋದಳು. ಮೀಸೆ ಬರಿಗೈಯಲ್ಲಿ ನಿಂತ.

ನಗಿಸಬೇಕಂತೆ! ಊರೆಲ್ಲ ಅವನನ್ನು ನಗೆಗಾರ ಎಂದುಕೊಂಡಿತ್ತು. ತಂತಿ ಬರೆದುಕೊಡದ ಒಂದು ಮಾತಿಗೆ, ತಂತಿ ಗಿಟಾರಿನ ಏಟು ಕೊಡದ ಒಂದು ಗಳಿಗೆಯಲ್ಲಿ, ತಾನು ಯಾರನ್ನೂ ನಗಿಸಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇವತ್ತು ಅದು ಊರಿಗೂ ಗೊತ್ತಾಗುವುದರಲ್ಲಿತ್ತು, ಅದೂ ತಂತಿಯ ಎದುರಿಗೇ.

*

ಅವರಿಬ್ಬರೂ ಒಬ್ಬರಿಗೊಬ್ಬರು ಸಿಕ್ಕಿದ್ದು ಒಂದು ಮದುವೆಯ ಆರತಕ್ಷತೆಯಲ್ಲಿ. ತಂತಿ ಬ್ಯಾಂಡಿನಲ್ಲಿ ಗಿಟಾರು ನುಡಿಸುತ್ತಿದ್ದ. ಮೀಸೆ, ಆಗಿನ್ನೂ ಮೀಸೆಯಾಗದ ಮೀಸೆ, ಮೈಕಿನ ವೈರು ಎಳೆಯುವ ಕೆಲಸದಲ್ಲಿದ್ದ. ಹಾಡುವ ಹುಡುಗಿ ಬಂದಿರಲಿಲ್ಲ. ಗಂಡಿನ ಅಪ್ಪ ಕೆಂಡವಾಗಿದ್ದರು. ತಂತಿ ಇವನ ಬೆನ್ನಿಗೆ ಕೈ ಕೊಟ್ಟು ಮೈಕಿನ ಮುಂದೆ ತಳ್ಳಿದ. "ಅವಳು ಬರೋತನಕ ಏನಾದ್ರೂ ಮಾತಾಡ್ತಿರು."

ಇವನು ತನ್ನ ಮನೆ ಮಾಲೀಕನ ಕತೆ ಹೇಳಿದ. ಬಸ್ಸು ಹಿಡಿಯುವವನ ಹಾಗೆ ಒಂದೇ ಉಸಿರಿಗೆ ಹೇಳಿದ. ಒಂದು ನರಪಿಳ್ಳೆಯೂ ನಗಲಿಲ್ಲ. ಇನ್ನೊಂದು ಕತೆಗೆ ಕೈಹಾಕಿ ಅದರ ಕೊನೆಯ ಮಾತಿಗೆ ಬರುವಾಗ ಹಿಂದಿನಿಂದ "ತಡಿ" ಎಂದು ಕೇಳಿಸಿತು. ಗಕ್ಕನೆ ನಿಂತ. ಇಡೀ ಹಾಲು ಅವನ ಬಾಯಿಯನ್ನೇ ನೋಡಿತು. ಆಗ ತಂತಿ ಗಿಟಾರಿನ ತಂತಿಗಳ ಮೇಲೆ ಅಂಗೈ ಅಪ್ಪಳಿಸಿದ: ಟಪ್. ಇವನು ಬೆಚ್ಚಿಬಿದ್ದು ಉಳಿದ ಮಾತು ಆಡಿದ. ಗಂಡಿನ ಅಪ್ಪನೇ ಮೊದಲು ನಕ್ಕಿದ್ದು.

ಅಲ್ಲಿಂದ ಅದೇ ಅವರ ಕಸುಬಾಯಿತು. ತಂತಿ ಬರೆಯುತ್ತಿದ್ದ, ವೇದಿಕೆಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಗಿಟಾರು ಹಿಡಿದು ಕೂರುತ್ತಿದ್ದ. ಏಟು ಬೀಳುವ ತನಕ ಕೊನೆಯ ಮಾತು ಆಡುವಂತಿಲ್ಲ. "ಮಾತು ನಂದು, ಬಾಯಿ ನಿಂದು. ಆದ್ರೆ ನಗು ಇರೋದು ಮಧ್ಯದ ಖಾಲಿ ಜಾಗದಲ್ಲಿ" ಎನ್ನುತ್ತಿದ್ದ. ಅಂಟಿಸುವ ಮೀಸೆಯನ್ನು ತಂದವನೂ ಅವನೇ. "ನಿನ್ನ ಮುಖ ನೋಡಿದ್ರೆ ಜನಕ್ಕೆ ಅಯ್ಯೋ ಪಾಪ ಅನ್ಸುತ್ತೆ. ಪಾಪ ಅನ್ನಿಸಿದ್ರೆ ನಗಲ್ಲ."

ಹಾಲಿನ ತುಂಬ ಜೋರಾಗಿ ನಗು ಎದ್ದಾಗ, ಯಾರೂ ಮುಟ್ಟದಿದ್ದರೂ ಗಿಟಾರಿನ ತಂತಿಗಳು ಗುಂಯ್ ಎನ್ನುತ್ತಿದ್ದವು. ತಂತಿ ಅವುಗಳ ಮೇಲೆ ಅಂಗೈ ಇಟ್ಟು, "ಸಾಕು, ಸುಮ್ನಿರು. ಇನ್ನೂ ಮಾತಿದೆ" ಎಂದು ಗಿಟಾರನ್ನೇ ಗದರುತ್ತಿದ್ದ.

ರೇಡಿಯೋ ಆಯಿತು, ಟೀವಿ ಆಯಿತು, ಊರೂರು ಸುತ್ತಿದ್ದಾಯಿತು. ಹೆಸರು ತುತ್ತತುದಿಗೇರಿದ್ದಾಗ ಒಂದು ಬೆಳಿಗ್ಗೆ ತಂತಿ ಬರಲಿಲ್ಲ. ಮಕ್ಕಳ ನಾಟಕಕ್ಕೆ ಸಂಗೀತ ಮಾಡಲು ಹೋದನಂತೆ. ಅದನ್ನು ಬಿಟ್ಟು ಹಲ್ಲುಪುಡಿಯ ಹಾಡು, ಅದನ್ನು ಬಿಟ್ಟು ಲಿಫ್ಟಿನೊಳಗಿನ ಸಂಗೀತ, ಆಮೇಲೆ ಈ ಫೋನಿನ ರಾಗ. ಮೀಸೆ ಒಬ್ಬನೇ ಮೀಸೆ ಅಂಟಿಸಿಕೊಂಡು ನಿಂತ. ಏಟು ಇಲ್ಲದ ವೇದಿಕೆಯಲ್ಲಿ ಅವನಿಗೆ ಸುಮ್ಮನಿರಲು ಭಯ. ಮತ್ತೆ ಬಸ್ಸು ಹಿಡಿಯುವವನ ಹಾಗೆ ಮಾತಾಡತೊಡಗಿದ. ಜನ ಚಪ್ಪಾಳೆ ತಟ್ಟುತ್ತಿದ್ದರು, ಹಳೆಯ ಪರಿಚಯದ ದಾಕ್ಷಿಣ್ಯಕ್ಕೆ. ಬಿಟ್ಟುಹೋದದ್ದು ಯಾಕೆಂದು ತಂತಿ ಹೇಳಲಿಲ್ಲ, ಇವನು ಕೇಳಲಿಲ್ಲ. ಸಿಕ್ಕಾಗ ಕಾಫಿ ಕುಡಿಯುತ್ತಿದ್ದರು, ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಮೀಸೆಯ ಎದೆಯಲ್ಲಿ ಅದೊಂದು ಮುಳ್ಳು ಹಾಗೇ ಉಳಿಯಿತು.

*

ತಂತಿಯ ಹೆಂಡತಿ, ಮೀಸೆಯ ಪಾಲಿಗೆ ಅತ್ತಿಗೆ, ಅಡುಗೆಮನೆಯ ಮೇಜಿನ ಮೇಲೆ ಗಿಟಾರನ್ನು ಮಲಗಿಸಿಕೊಂಡು ಹಳೆಯ ಟವೆಲಿನಲ್ಲಿ ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದರು. ಸುಮ್ಮನೆ ಕೂರಲು ಅವರಿಂದಲೂ ಆಗುತ್ತಿರಲಿಲ್ಲ.

"ಅತ್ತಿಗೆ, ನನ್ನ ಕೈಲಾಗಲ್ಲ" ಎಂದ ಮೀಸೆ, ಬಾಗಿಲ ಚೌಕಟ್ಟು ಹಿಡಿದು. "ಬರೆದುಕೊಡೋನು ಒಳಗೆ ಮಲಗಿದಾನೆ. ನಾನೇನು ಮಾತಾಡ್ಲಿ?"

"ಅಂಗಡಿ ಉದ್ಘಾಟನೆಗೆಲ್ಲ ಹೋಗಿ ಮಾತಾಡ್ತಿದ್ದೆಯಲ್ಲ."

"ಮಾತಾಡ್ತಿದ್ದೆ. ನಗೋರು ಯಾರಿದ್ರು?"

ಅತ್ತಿಗೆ ಟವೆಲನ್ನು ಮಡಿಸಿದರು, ಬಿಚ್ಚಿದರು. "ನಿಮ್ಮಿಬ್ಬರ ಕೊನೇ ಶೋ ನೆನಪಿದ್ಯಾ? ಹಲ್ಲಿನ ಡಾಕ್ಟರುಗಳದ್ದು."

"ಮರೆಯೋದುಂಟಾ! ಬಿದ್ದುಬಿದ್ದು ನಕ್ಕಿದ್ರು. ಮಾರನೇ ದಿನಾನೇ ಬಿಟ್ಟುಹೋದ, ಪುಣ್ಯಾತ್ಮ."

"ಅವತ್ತು ಅವರು ಏಟು ಕೊಡ್ಲೇ ಇಲ್ಲ."

"ಯಾವುದಕ್ಕೆ?"

"ಯಾವುದಕ್ಕೂ. ಶುರುವಿನಲ್ಲೇ ನಿನ್ನ ಮುಖ ನೋಡಿ ಅವರಿಗೇ ನಗು ಬಂದು ಕೈ ತಪ್ಪಿತಂತೆ. ನೀನು ನಿಂತೆಯಂತೆ, ಸರಿಯಾದ ಹೊತ್ತಿಗೆ ಮಾತು ಹಾಕಿದೆಯಂತೆ. ನೋಡೇಬಿಡೋಣ ಅಂತ ಆಮೇಲೆ ಕೈಕಟ್ಟಿ ಕೂತ್ರಂತೆ. ಕೊನೇತನಕ."

"ಸುಳ್ಳು" ಎಂದ ಮೀಸೆ. "ನಂಗೆ ಕೇಳಿಸ್ತಿತ್ತು ಅತ್ತಿಗೆ. ಒಂದೊಂದೂ ಕೇಳಿಸ್ತಿತ್ತು."

"ನಿಂಗೆ ಕೇಳಿಸಿರಬಹುದು. ಅವರು ಹೊಡೀಲಿಲ್ಲ."

ಮೀಸೆಗೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಹೇಳ್ಬೇಕಿತ್ತಲ್ಲ! ಇಷ್ಟು ವರ್ಷ ನಾನು..."

"ಹೇಳಿದ್ರೆ ಬಿಡ್ತಿದ್ಯಾ? ಕೈಕಾಲು ಹಿಡಿದು ವಾಪಸ್ ಸ್ಟೂಲ್ ಮೇಲೆ ಕೂರಿಸ್ತಿದ್ದೆ. ತಾನು ಬೇಡವಾದ ಕಡೆ ಅವರು ಒಂದು ನಿಮಿಷ ಕೂತವರಲ್ಲ." ಅತ್ತಿಗೆ ಗಿಟಾರನ್ನು ಎತ್ತಿಕೊಂಡರು. "ಮನೆಗೆ ಬಂದು ಖುಷಿಯಾಗೇ ಹೇಳಿದ್ರು. ನನ್ನ ಮೀಸೆಗೆ ನಾನು ಬೇಕಾಗಿಲ್ಲ ಕಣೇ, ಅಂತ. ಊಟ ಮಾತ್ರ ಮಾಡ್ಲಿಲ್ಲ."

ಕೆಳಗೆ ವ್ಯಾನು ಹಾರ್ನು ಹಾಕಿತು.

*

ವಿದ್ಯುತ್ ಚಿತಾಗಾರದ ಪಕ್ಕದ ಹಾಲು ಒಬ್ಬರಾದ ಮೇಲೆ ಒಬ್ಬರಿಗೆ ಗಂಟೆಯ ಲೆಕ್ಕದಲ್ಲಿ ಕೊಡುವಂಥದ್ದು. ಮುಂದಿನ ಸರದಿಯ ಮನೆಯವರು ಆಗಲೇ ಹೊರಗೆ ಬಂದು ನಿಂತಿದ್ದರು. ಒಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಜನ ಪಿಸುಗುಡುತ್ತಿದ್ದರು.

"ಹಲ್ಲುಪುಡಿ ಹಾಡು ಮಾಡಿದೋರು ಇವರೇ ಅಲ್ವಾ?"

"ಅಯ್ಯೋ, ಇವರು ಗಿಟಾರ್ ಮೇಷ್ಟ್ರು. ನಮ್ಮ ತಂಗಿಗೆ ಎರಡು ತಿಂಗಳು ಹೇಳಿಕೊಟ್ಟು ನಾಪತ್ತೆ."

"ಜೋಕು ಬರೀತಿದ್ರಂತಲ್ರೀ."

"ಜೋಕಾ? ಅದು ಬೇರೆ ಯಾರೋ ಇರ್ಬೇಕು."

ಮೊದಲು ಹಳೆಯ ಬ್ಯಾಂಡಿನ ಡ್ರಮ್ಮಿನವನು ಮಾತಾಡಿದ. ಜೀವಮಾನವೆಲ್ಲ ಡ್ರಮ್ಮು ಬಾರಿಸಿ ಅವನ ಕಿವಿ ಮಂದವಾಗಿತ್ತು, ದನಿ ದೊಡ್ಡದಾಗಿತ್ತು. ತಂತಿ ಬಂಗಾರದಂಥ ಮನುಷ್ಯ, ತನ್ನ ಮದುವೆಗೆ ನುಡಿಸುತ್ತೇನೆ ಎಂದು ಹೇಳಿ ಬರಲಿಲ್ಲ ಎಂದು ಕೂಗಿ ಹೇಳಿ, ಕಣ್ಣೊರೆಸಿಕೊಂಡು ಕೂತ. ಬಾಗಿಲ ಬಳಿ ನಿಂತಿದ್ದ ಚಿತಾಗಾರದ ನೌಕರ ಗೋಡೆ ಗಡಿಯಾರ ನೋಡಿದ.

ಮಗಳು ಮೀಸೆಯತ್ತ ತಿರುಗಿದಳು.

ಮೀಸೆ ಎದ್ದು ಮೈಕಿನ ಮುಂದೆ ನಿಂತ. ಬಲಗಡೆ ತಂತಿ ಮಲಗಿದ್ದ. ಮುಂದಿನ ಸಾಲಿನಲ್ಲಿ ಅತ್ತಿಗೆ, ತೊಡೆಯ ಮೇಲೆ ಗಿಟಾರು. ಮೀಸೆ ಮೇಲ್ತುಟಿ ಮುಟ್ಟಿಕೊಂಡ. ಅಲ್ಲಿ ಏನೂ ಇರಲಿಲ್ಲ.

"ಎಲ್ಲರಿಗೂ ನಮಸ್ಕಾರ, ತಂತಿ ನನ್ನ ಸ್ನೇಹಿತ, ತುಂಬ ದೊಡ್ಡ ಕಲಾವಿದ, ತುಂಬ ಒಳ್ಳೆ ಮನುಷ್ಯ, ಅವನ ಆತ್ಮಕ್ಕೆ..." ಬಸ್ಸು ಹೊರಟಿತ್ತು. ತನ್ನ ದನಿ ತನಗೇ ಅಸಹ್ಯವಾಯಿತು. ನೌಕರ ಬಾಗಿಲಿನ ಒಂದು ಚಿಲಕ ತೆಗೆದ. ಮೀಸೆಗೆ ಅದೇ ಬಾಗಿಲಿನಿಂದ ಓಡಿಹೋಗಬೇಕು ಎನ್ನಿಸಿತು. ಓಡುವ ಬದಲು ಅವನು ಬೆಳಗಿನಿಂದ ನೋಡಲಾರದೆ ಇದ್ದ ಆ ಮುಖವನ್ನು ನೋಡಿದ. ಏನೂ ಹೇಳದೆ ಎದ್ದುಹೋದವನ ಮುಖ. ಮಾತು ತಾನಾಗಿ ಬಂತು, ಬೇರೆ ದನಿಯಲ್ಲಿ.

"ಇವನು ಯಾವ ಕೆಲಸ ಬಿಡುವಾಗಲೂ ಒಂದು ಮಾತು ಹೇಳಿ ಹೋದವನಲ್ಲ. ಬ್ಯಾಂಡ್ ಬಿಟ್ಟ, ಹೇಳ್ಲಿಲ್ಲ. ಪಾಠ ಬಿಟ್ಟ, ಹೇಳ್ಲಿಲ್ಲ."

"ಹೌದು!" ಎಂದಳು ತಂಗಿಯನ್ನು ಪಾಠಕ್ಕೆ ಕಳಿಸಿದ್ದವಳು.

"ಹಲ್ಲುಪುಡಿ ಬಿಟ್ಟ. ಲಿಫ್ಟ್ ಬಿಟ್ಟ. ನನ್ನನ್ನ ಬಿಟ್ಟ. ಒಂದು ಮಾತು ಹೇಳ್ಲಿಲ್ಲ. ನಿನ್ನೆ ನಮ್ಮೆಲ್ಲರನ್ನೂ ಬಿಟ್ಟ. ಹಾಗೇ." ಮೀಸೆ ಅತ್ತಿಗೆಯತ್ತ ತಿರುಗಿದ. "ಇದಕ್ಕಿಂತ ಒಳ್ಳೆ ಕೆಲಸ ಎಲ್ಲೋ ಸಿಕ್ಕಿದೆ ಅಂದ್ಕೊಂಡಿರ್ತಾನೆ. ಅಳ್ಬೇಡಿ ಅತ್ತಿಗೆ. ಒಂದು ಆರು ತಿಂಗಳು ತಡೀರಿ."

ನಿಂತ.

ಹಾಲು ಅವನ ಬಾಯಿಯನ್ನೇ ನೋಡಿತು. ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಅತ್ತಿಗೆಯ ಬಲಗೈ ಗಿಟಾರಿನ ಮೇಲೆ ಎದ್ದಿರುವುದು ಅವನಿಗೆ ಕಾಣಿಸಿತು, ಅಂಗೈ ಅಗಲಿಸಿ, ಥೇಟ್ ತಂತಿಯ ಹಾಗೆ. ಮೀಸೆ ಏಟಿಗೆ ಕಾದ. ಅದು ಬೀಳಲಿಲ್ಲ. ಅತ್ತಿಗೆ ಅವನ ಕಣ್ಣನ್ನೇ ನೋಡುತ್ತಿದ್ದರು, ಕೈ ಗಾಳಿಯಲ್ಲೇ ಇತ್ತು. ಯಾರೋ ಕೆಮ್ಮಿದರು. ನೌಕರ ಗಡಿಯಾರ ನೋಡುವುದನ್ನು ಮರೆತ. ಮೀಸೆಗೆ ಬೆವರೊಡೆಯಿತು, ಆದರೂ ತಡೆದ, ಇನ್ನೂ ಸ್ವಲ್ಪ ತಡೆದ.

"ಅದನ್ನೂ ಬಿಡ್ತಾನೆ."

ಮೊದಲು ಮಗಳು. ಆಮೇಲೆ ಇಡೀ ಹಾಲು. ಡ್ರಮ್ಮಿನವನಿಗೆ ಪಕ್ಕದವರು ಕಿವಿಯಲ್ಲಿ ಹೇಳಬೇಕಾಯಿತು. ಅವನ ನಗು ಎಲ್ಲರದ್ದೂ ಮುಗಿಯುವ ಹೊತ್ತಿಗೆ ಸಿಡಿದು, ಎಲ್ಲರನ್ನೂ ಮತ್ತೊಮ್ಮೆ ನಗಿಸಿತು. ಬಾಗಿಲ ಬಳಿ ನೌಕರ ಗೋಡೆಯ ಕಡೆ ಮುಖ ಮಾಡಿ ಭುಜ ಕುಣಿಸುತ್ತಿದ್ದ. ಮೀಸೆ ಮೈಕಿನ ಕಂಬ ಹಿಡಿದುಕೊಂಡು ಅಳುತ್ತಿದ್ದ.

ನಗು ಇಳಿದಾಗ ಒಂದು ಸಣ್ಣ ಸದ್ದು ಮಾತ್ರ ಉಳಿಯಿತು. ಅತ್ತಿಗೆಯ ತೊಡೆಯ ಮೇಲೆ ಗಿಟಾರು ಗುಂಯ್ ಎನ್ನುತ್ತಿತ್ತು. ಅವರ ಅಂಗೈ ಇನ್ನೂ ತಂತಿಗಳನ್ನು ಮುಟ್ಟದೆ ಮೇಲೆಯೇ ಎದ್ದು ನಿಂತಿತ್ತು. ಗಿಟಾರು ತಾನಾಗಿ ಸುಮ್ಮನಾಗುವ ತನಕ ಅದು ಕೆಳಗಿಳಿಯಲಿಲ್ಲ.